ನಾಜಲ್ ಊದುವ ಅಭ್ಯಾಸ

ಶುಂಠಿಗದ್ದೆಯ ಬದುವಿನ ಮೇಲೆ ಒಬ್ಬ ಗಂಡಸು ಔಷಧಿ ಹೊಡೆಯುವ ಸ್ಪ್ರೇಯರಿನ ತುದಿಯ ಹಿತ್ತಾಳೆಯ ಚಿಕ್ಕ ನಾಜಲ್ಲನ್ನು ತುಟಿಗಿಟ್ಟು, ಕೆನ್ನೆ ಉಬ್ಬಿಸಿ ಊದುತ್ತಾರೆ. ಹಲ್ಲುಜ್ಜುವಾಗ, ಚಹಾ ಸೋಸುವಾಗ, ಬಸ್ಸಿನ ಕಿಟಕಿಯ ಪಕ್ಕ ಕೂತಾಗ ಈಗಲೂ ನನಗೆ ಅದೇ ಕಾಣುತ್ತದೆ. ಮನಸ್ಸಿನಲ್ಲಿ ಪ್ರತಿ ಸಲವೂ ನಾನು ಸ್ವಲ್ಪ ಮೊದಲೇ ಓಡಿ, ಅವರ ಕೈಯಿಂದ ಅದನ್ನು ಕಿತ್ತುಕೊಂಡಿರುತ್ತೇನೆ. ನಿಜದಲ್ಲಿ ಹಾಗಾಗಲಿಲ್ಲ. ಆದರೂ ಎಲ್ಲ ನಗುವಿನಲ್ಲೇ ಮುಗಿಯಿತು; ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ನಾನು ಎನ್.ಆರ್.ಪುರದವಳು. ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಒಂದು ಸಂಶೋಧನಾ ಯೋಜನೆಗೆ ಸೇರಿಕೊಂಡಿದ್ದೆ. ದೇಹಕ್ಕೆ ಸಂಬಂಧವಿಲ್ಲದ, ಹೊರಗಿನಿಂದ ಒಳಹೊಕ್ಕುವ ರಾಸಾಯನಿಕಗಳು, ಅಂದರೆ ಕೀಟನಾಶಕ, ಕಳೆನಾಶಕದಂಥವು, ಗಂಡಸರ ವೀರ್ಯಕ್ಕೆ ಏನು ಮಾಡುತ್ತವೆ ಎಂದು ತಿಳಿಯುವುದು ನಮ್ಮ ಕೆಲಸ. ಕೊಪ್ಪದಲ್ಲಿ ಒಂದು ಬಾಡಿಗೆ ಕೋಣೆ, ಅದರಲ್ಲೊಂದು ಸೂಕ್ಷ್ಮದರ್ಶಕ. ಉಳಿದ ಹೊತ್ತೆಲ್ಲ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ತಾಲ್ಲೂಕುಗಳಲ್ಲಿ ತಿರುಗಾಟ. ಔಷಧಿ ಹೊಡೆಯುವವರನ್ನು ಹುಡುಕಿ, ಏನು ಹೊಡೆಯುತ್ತೀರಿ, ಎಷ್ಟು ವರ್ಷದಿಂದ, ಕೈಗೆ ಗವಸು ಹಾಕುತ್ತೀರಾ ಎಂದೆಲ್ಲ ಕೇಳಬೇಕು. ಅಲ್ಲಿಯವರೆಗೆ ಎಲ್ಲರೂ ಉತ್ಸಾಹದಿಂದ ಹರಟುತ್ತಿದ್ದರು. ಕೊನೆಗೆ ನಾನು ಚೀಲದಿಂದ ಮುಚ್ಚಳದ ಡಬ್ಬಿ ತೆಗೆದು, ಅದರಲ್ಲಿ ಏನು ಬೇಕೆಂದು ಹೇಳಿದ ಕೂಡಲೇ ಅವರಿಗೆ ದನಕ್ಕೆ ಹುಲ್ಲು ಹಾಕಬೇಕಿತ್ತೆಂಬುದು ನೆನಪಾಗುತ್ತಿತ್ತು. ಅಡ್ಡಗದ್ದೆ ಎಂಬ ಊರಲ್ಲಿ ಒಬ್ಬರು ತಮ್ಮ ಮಕ್ಕಳನ್ನು ಜಗಲಿಯಲ್ಲಿ ಸಾಲಾಗಿ ನಿಲ್ಲಿಸಿ, "ಡಬ್ಬಿ ಎಂತಕ್ಕೆ ಮೇಡಂ? ಇವನ್ನೇ ನೋಡ್ಕಂಡು ಹೋಗಿ" ಎಂದಿದ್ದರು.

ಕಮ್ಮರಡಿ ಹತ್ತಿರದ ಆ ಗಂಡಹೆಂಡತಿಯ ಪರಿಚಯ ಮಾಡಿಸಿದ್ದು ಅಲ್ಲಿ ಸ್ಪ್ರೇಯರ್ ರಿಪೇರಿ ಅಂಗಡಿ, ಜೊತೆಗೊಂದು ಗೂಡ್ಸ್ ಆಟೋ ಇಟ್ಟಿದ್ದ, ಊರೆಲ್ಲ ಕಾಕಾ ಎಂದು ಕರೆಯುತ್ತಿದ್ದ ಹಿರಿಯರು. ಗಂಡ ಕೂಲಿಗೆ ಔಷಧಿ ಹೊಡೆಯುವವರು. ಹೆಂಡತಿಯದು ತೋಟ ಗದ್ದೆಗಳ ಕೂಲಿ. ಮದುವೆಯಾಗಿ ಹಲವು ವರ್ಷವಾದರೂ ಮಕ್ಕಳಿರಲಿಲ್ಲ. ಸ್ಕ್ಯಾನು, ರಕ್ತಪರೀಕ್ಷೆ, ಕಷಾಯ, ಪಥ್ಯ, ಕಿಗ್ಗದ ದೇವರಿಗೆ ಹರಕೆ, ಎಲ್ಲವೂ ಆಕೆಯ ಪಾಲಿಗೆ ಬಂದಿತ್ತು. ಆಕೆಯಲ್ಲಿ ತೊಂದರೆ ಕಾಣುವುದಿಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಅತ್ತೆ ಮಗನಿಗೆ ಇನ್ನೊಂದು ಮದುವೆಯ ಮಾತೆತ್ತಿದ್ದರು. ಗಂಡ ಒಂದು ಸಲ, ಒಂದೇ ಸಲ, ಪರೀಕ್ಷೆ ಮಾಡಿಸಿಕೊಳ್ಳಲಿ ಎಂಬುದಷ್ಟೇ ಆಕೆಯ ಆಸೆ.

"ಗಂಡಸಿಗೆ ಎಂತ ಟೆಸ್ಟು ಮೇಡಂ?" ಅವರು ನಕ್ಕುಬಿಡುತ್ತಿದ್ದರು. "ತುಂಬಿದ ಕ್ಯಾನ್ ಬೆನ್ನಿಗೆ ಹಾಕ್ಕಂಡು ಗುಡ್ಡ ಹತ್ತೂದು ನೋಡ್ಲಿಲ್ವ ನೀವು?"

"ಗುಡ್ಡ ಹತ್ತಿದ್ರೆ ಮಕ್ಕಳಾಗ್ತಾವಾ?" ಹೆಂಡತಿ ಒಳಗಿಂದಲೇ ಕೇಳುತ್ತಿದ್ದರು. "ಹಂಗಾದ್ರೆ ಕಾಕಾನ ಆಟೋಗೆ ಎಷ್ಟು ಮರಿ ಆಗ್ಬೇಕಿತ್ತು!"

ಗಂಡ ಕೆಲಸ ಕಲಿತದ್ದು ತಮ್ಮ ಅಪ್ಪನ ಜೊತೆ, ಅಡಿಕೆಗೆ ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತ. ಸುಣ್ಣದ ಹರಳು ಸಿಕ್ಕಿ ನಾಜಲ್ ಪದೇ ಪದೇ ಕಟ್ಟಿಕೊಳ್ಳುತ್ತದೆ. ಆಗ ಬಿಚ್ಚಿ ಬಾಯಲ್ಲಿ ಊದುವುದು, ತುಟಿಯ ಮೇಲೆ ಕೂತ ನೀಲಿಯನ್ನು ತೋಳಿನಿಂದ ಒರೆಸಿಕೊಳ್ಳುವುದು. ನಮ್ಮ ಕಡೆ ಎಷ್ಟೋ ಜನರಿಗೆ ಇದು ಉಸಿರಾಡಿದಷ್ಟೇ ಸಹಜ. ತುಟಿ ನೀಲಿಯಾದಷ್ಟೂ ಗಟ್ಟಿ ಕೆಲಸಗಾರ ಎಂಬ ಹೆಮ್ಮೆ ಬೇರೆ. ಕಾಲ ಬದಲಾಗಿ ಗದ್ದೆಗೆ ಶುಂಠಿ ಬಂತು, ಶುಂಠಿಗೆ ಕಾಂಡ ಕೊರೆಯುವ ಹುಳ ಬಂತು, ಹುಳಕ್ಕೆ ಬೇರೆಯೇ ಔಷಧಿ ಬಂತು. ಬಾಯಿ ಮಾತ್ರ ಹಳೆಯದೇ ಉಳಿಯಿತು.

ಆ ದಿನ ಬಿಸಿಲು ಚೆನ್ನಾಗಿತ್ತು. ಕೆಲಸ ಹೇಗೆ ಮಾಡುತ್ತಾರೆಂದು ನೋಡಲು ನಾನೂ ಗದ್ದೆಗೆ ಹೋಗಿದ್ದೆ. ಬೆನ್ನಿನ ಕ್ಯಾನಿನ ವಾಷರ್ ಸವೆದು ಅವರ ಅಂಗಿ ಬೆಳಿಗ್ಗೆಯಿಂದಲೇ ಔಷಧಿಯಲ್ಲಿ ತೊಯ್ದಿತ್ತು. ಕಾಕಾ ಹೊಸ ವಾಷರ್ ತರುತ್ತೇನೆಂದು ಹೇಳಿದ್ದರು. ಅಷ್ಟರಲ್ಲಿ ನಾಜಲ್ ಕಟ್ಟಿತು. ಗಂಡ ಅದನ್ನು ಬಿಚ್ಚಿ ತುಟಿಗಿಟ್ಟರು.

"ಬಾಯಿಗೆ ಇಡ್ಬೇಡಿ!" ನಾನು ಬದುವಿನ ಆ ತುದಿಯಿಂದ ಕೂಗಿದೆ.

"ನಮ್ಮಪ್ಪ ಊದಿ ಊದಿನೇ ಅಷ್ಟು ವರ್ಷ ಬದುಕಿದ್ರು ಮಾರಾಯ್ರೆ" ಎಂದು ಇನ್ನೊಮ್ಮೆ ಊದಿದರು.

ಮತ್ತೊಂದು ಸಾಲು ಮುಗಿಸುವ ಹೊತ್ತಿಗೆ ಮೈಯೆಲ್ಲ ಬೆವರಿ, ಬಾಯಿಂದ ಜೊಲ್ಲು ಇಳಿಯತೊಡಗಿತು. "ಎಂತದೋ ಕಣ್ಣು ಮಂಜಾಗ್ತದೆ" ಎಂದು ಕೂತವರು ಹಾಗೇ ವಾಲಿದರು. ಓಡಿಹೋಗಿ ನೋಡಿದೆ, ಕಣ್ಣಿನ ಪಾಪೆ ಸೂಜಿಮೊನೆಯಷ್ಟಾಗಿತ್ತು, ತೋಳಿನ ಮಾಂಸ ತಾನಾಗಿ ಅದುರುತ್ತಿತ್ತು. ಪುಸ್ತಕದಲ್ಲಿ ಓದಿ ಪರೀಕ್ಷೆಯಲ್ಲಿ ಬರೆದಿದ್ದ ಕೀಟನಾಶಕ ವಿಷದ ಲಕ್ಷಣಗಳೆಲ್ಲ ಒಬ್ಬ ಮನುಷ್ಯನ ಮೈಮೇಲೆ ಒಟ್ಟಿಗೆ ಬಂದು ನಿಂತಿದ್ದವು. ಪಕ್ಕದ ಗದ್ದೆಯಲ್ಲಿ ಕೂಲಿಗಿದ್ದ ಹೆಂಡತಿ ಓಡಿಬಂದು ಅವರ ಅಂಗಿ ಹರಿದೆಸೆದು ಮೈಮೇಲೆ ಕೊಡಗಟ್ಟಲೆ ನೀರು ಸುರಿದರು. ವಾಷರ್ ತಂದಿದ್ದ ಕಾಕಾನ ಗೂಡ್ಸ್ ಆಟೋ ರಸ್ತೆಬದಿಯಲ್ಲೇ ಇತ್ತು. ಅವರನ್ನು ಹಿಂದೆ ಮಲಗಿಸಿಕೊಂಡು ಕೊಪ್ಪಕ್ಕೆ ಹೊರಟೆವು. ದಾರಿಯುದ್ದಕ್ಕೂ ನಾನು ಅವರ ಮುಖವನ್ನು ಪಕ್ಕಕ್ಕೆ ತಿರುಗಿಸಿ ಹಿಡಿದುಕೊಂಡು ಉಸಿರು ನೋಡುತ್ತಿದ್ದೆ. ಒಂದು ತಿರುವಿನಲ್ಲಿ ಉಸಿರು ಕಾಣಲಿಲ್ಲ. ಮತ್ತೆ ಬಂತು. ಆ ತಿರುವಿನಲ್ಲಿ ಬಸ್ಸು ವಾಲಿದರೆ ಇವತ್ತಿಗೂ ನನ್ನ ಕೈ ಎದುರಿನ ಸೀಟನ್ನು ಬಿಗಿಯಾಗಿ ಹಿಡಿಯುತ್ತದೆ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಮೇಲೆ ಇಂಜೆಕ್ಷನ್ ಕೊಟ್ಟರು. ವಿಷ ಇಳಿಸುವ ಆ ಮದ್ದು ತಲೆಗೇರಿದರೆ ಬಡಬಡಿಸುತ್ತಾರೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಮರುದಿನ ಬೆಳಿಗ್ಗೆ ಹೋದರೆ ಅವರು ಎದ್ದು ಕೂತು, ಫ್ಯಾನಿನ ಮೇಲೆ ಶುಂಠಿ ನೆಟ್ಟವರು ಯಾರೆಂದು ನರ್ಸನ್ನು ಗದರಿಸುತ್ತಿದ್ದರು. ನನ್ನನ್ನು ಕಂಡಕೂಡಲೇ ಧ್ವನಿ ಇನ್ನೂ ಏರಿತು.

"ಬಂದ್ರಾ ಮೇಡಂ? ತನ್ನಿ ಡಬ್ಬಿ! ನಾನು ಹೆದ್ರೂದಿಲ್ಲ. ಒಂದಲ್ಲ, ಹತ್ತು ಡಬ್ಬಿ ತನ್ನಿ! ಈ ಇಡೀ ಸಾಲಿನವರದ್ದೂ ನಾನೇ ಕೊಡ್ತೇನೆ!"

ಯಾವ ಡಬ್ಬಿ ಎಂದು ಪಕ್ಕದ ಹಾಸಿಗೆಯ ಅಜ್ಜ ಕೇಳಿದರು. ಕಾಕಾ ಅಜ್ಜನ ಕಿವಿಯಲ್ಲಿ ಹೇಳಿದರು. ಅಜ್ಜನಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ನರ್ಸ್ ಗೋಡೆಯ ಕಡೆ ತಿರುಗಿ ನಿಂತರು. ಅಳುತ್ತಲೇ ಇದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಕೇಳಿದ್ರಲ್ಲ ಎಲ್ಲರೂ? ನೆನಪಿಟ್ಕಳಿ" ಎಂದರು.

ಮದ್ದಿನ ಅಮಲು ಇಳಿದ ಮೇಲೆ ಅವರು, ತಾನು ಹಾಗೆ ಹೇಳಿಯೇ ಇಲ್ಲ ಎಂದು ವಾದಿಸಿ ನೋಡಿದರು. ಅಜ್ಜ ಬಿಡಲಿಲ್ಲ. "ಹತ್ತು ಅಂದಿದ್ದಿ ಮಾರಾಯ, ಒಂದಾದ್ರೂ ಕೊಡು."

ಹೊಸ ವೀರ್ಯಾಣುಗಳು ತಯಾರಾಗಲು ಸುಮಾರು ಮೂರು ತಿಂಗಳು ಬೇಕು. ಅಲ್ಲಿಯವರೆಗೆ ಔಷಧಿಯ ಹತ್ತಿರ ಸುಳಿಯಬೇಡಿ, ಆಮೇಲೆ ಬನ್ನಿ ಎಂದೆ. ಗಂಡನನ್ನು ಕಾಕಾ ತಮ್ಮ ಅಂಗಡಿಯಲ್ಲೇ ಕೆಲಸಕ್ಕೆ ಕೂರಿಸಿಕೊಂಡರು. ಸ್ಪ್ರೇಯರ್ ತಂದವರಿಗೆಲ್ಲ ನಾಜಲ್ ಜೊತೆ ಹಳೇ ಟೂತ್‌ಬ್ರಶ್ ಕೊಟ್ಟು, "ಊದಿದ್ರೆ ಇವನ ಗತಿ" ಎಂದು ಕಾಕಾ ಪಕ್ಕದಲ್ಲಿದ್ದ ಇವರನ್ನೇ ತೋರಿಸುತ್ತಿದ್ದರು. ಇವರು ತಲೆಯಾಡಿಸಿ ನಗುತ್ತಿದ್ದರು.

ಹೇಳಿದ ದಿನ ಕೋಣೆಯ ಬಾಗಿಲಲ್ಲಿ ಕಾದು ನಿಂತಿದ್ದೆ. ದೂರದಲ್ಲಿ ಅದೇ ಗೂಡ್ಸ್ ಆಟೋ ಕಂಡದ್ದೇ, ಹಿಂದೆ ಯಾರಾದರೂ ಮಲಗಿದ್ದಾರಾ ಎಂದು ಇಣುಕುತ್ತ ರಸ್ತೆಗಿಳಿದೆ. ಹತ್ತಿರ ಬಂದಾಗ ನೋಡಿದರೆ ಅವರು ಮುಂದೆ ಕಾಕಾನ ಪಕ್ಕ ಒತ್ತಿಕೊಂಡು ಕೂತು, ಎಡತೋಳನ್ನು ಪಕ್ಕೆಗೆ ಬಿಗಿಯಾಗಿ ಅಮುಕಿಕೊಂಡಿದ್ದರು. ಕಂಕುಳಲ್ಲಿ ಡಬ್ಬಿಯಿತ್ತು; ಅದು ಮೈಬಿಸಿಯಲ್ಲಿರಬೇಕು, ಒಂದು ಗಂಟೆಯೊಳಗೆ ತಲುಪಬೇಕು ಎಂದು ನಾನೇ ಹೇಳಿದ್ದೆ.

"ದಾರಿಲಿ ಯಾರೋ ಕೈ ಬೀಸಿದ್ರು ಅಕ್ಕ" ಎಂದು ಹೆಂಡತಿ ಹಿಂದಿನಿಂದ ಇಳಿದರು. "ಇವ್ರು ವಾಪಸ್ ಕೈ ಎತ್ತಕ್ಕೆ ಹೋದ್ರು. ಕಾಕಾ ಬೈದು ಕೂರಿಸಿದ್ದು."

ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಇರಬೇಕಾದಷ್ಟು ಇರಲಿಲ್ಲ. ಆದರೆ ಇದ್ದವುಗಳಲ್ಲಿ ಕೆಲವು ಚುರುಕಾಗಿ ಓಡುತ್ತಿದ್ದವು.

"ಕಡಿಮೆ ಇದೆ" ಎಂದೆ. "ಪೂರ್ತಿ ಇಲ್ಲ ಅಂತಲ್ಲ. ಇಬ್ಬರೂ ಒಟ್ಟಿಗೆ ಡಾಕ್ಟರ ಹತ್ರ ಹೋಗಿ. ಔಷಧಿ ಹೊಡೆಯೋದು ಮಾತ್ರ ಇನ್ನು ಬೇಡ."

"ಅತ್ತೆಗೆ ಎಂತ ಹೇಳೂದು?" ಎಂದು ಹೆಂಡತಿ ಕೇಳಿದರು.

"ನೀನೆಂತ ಹೇಳ್ತಿ? ನಾನೇ ಹೇಳ್ತೇನೆ. ತೊಂದ್ರೆ ನಂದು ಅಂತ." ಅಷ್ಟು ಹೇಳಿ ಅವರು ಸೂಕ್ಷ್ಮದರ್ಶಕದ ಹತ್ತಿರ ಬಂದರು. "ಮೇಡಂ, ನಾನೂ ಒಂಚೂರು ನೋಡ್ಲಾ?"

ಬಾಗಿದರು. ಅವರ ಬೆವರಿನ ಹಬೆಗೆ ಗಾಜು ಮಸುಕಾಯಿತು. "ಎಂತದೂ ಕಾಣೂದಿಲ್ವಲ" ಎನ್ನುತ್ತ ತಲೆಯನ್ನು ತುಸು ಹಿಂದೆಳೆದು, ತುಟಿ ಚೂಪು ಮಾಡಿ, ಕೆನ್ನೆ ಉಬ್ಬಿಸಿದರು.

"ಊದ್ಬೇಡಿ!"

ಅವರ ಹೆಂಡತಿಯೂ ನಾನೂ ಒಟ್ಟಿಗೇ ಕೂಗಿದ್ದೆವು. ನನ್ನ ಕೂಗು ಎಷ್ಟು ದೊಡ್ಡದಿತ್ತೆಂದರೆ ರಸ್ತೆಯಲ್ಲಿ ಆಟೋ ಒರೆಸುತ್ತಿದ್ದ ಕಾಕಾ ಬಟ್ಟೆ ಹಿಡಿದುಕೊಂಡೇ ಒಳಗೆ ಓಡಿಬಂದರು. ಇವರು ಮಾತ್ರ ಉಬ್ಬಿಸಿದ ಕೆನ್ನೆಯಲ್ಲೇ, ಗಾಳಿ ಹೊರಗೆ ಬಿಡಲೂ ಹೆದರಿ, ನಮ್ಮನ್ನು ನೋಡುತ್ತ ನಿಂತಿದ್ದರು.