ಕರೀಂ ಸಾಹೇಬರ ಉತ್ತರಪತ್ರಿಕೆ

ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನವಾದ ಮೂರನೆಯ ವರ್ಷ ನಾನು ಶಹಾಪುರದ ಶಾಲೆಯೊಂದರಲ್ಲಿ ಕನ್ನಡ ಶಿಕ್ಷಕನಾಗಿದ್ದೆ. ಅಲ್ಲಿಯವರೆಗೆ ಉರ್ದುವಿನಲ್ಲಿ ನಡೆಯುತ್ತಿದ್ದ ಪಾಠಗಳು ಕನ್ನಡಕ್ಕೆ ಬಂದವು. ಅದು ಆಗಬೇಕಾದ ಕೆಲಸವೇ. ಆದರೆ ಅದನ್ನು ಮಾಡಿದ ರೀತಿ ನೆನೆದರೆ ಇಂದಿಗೂ ಮೈ ಉರಿಯುತ್ತದೆ.

ಹಳೆಯ ಶಿಕ್ಷಕರೆಲ್ಲ ಕನ್ನಡ ಪರೀಕ್ಷೆ ಪಾಸಾಗಬೇಕು, ಇಲ್ಲದಿದ್ದರೆ ಕೆಲಸವಿಲ್ಲ ಎಂದು ಆದೇಶ ಬಂತು. ನಮ್ಮಲ್ಲಿ ಗಣಿತ ಕಲಿಸುತ್ತಿದ್ದ ಕರೀಂ ಸಾಹೇಬರು ಬೋನಾಳದವರು. ಓದಿದ್ದು ಉರ್ದುವಿನಲ್ಲಿ, ಕನ್ನಡ ಅಕ್ಷರಗಳನ್ನು ಐವತ್ತು ದಾಟಿದ ಮೇಲೆ ನನ್ನ ಪಕ್ಕ ಕೂತು ಕಲಿತರು. ಮಾತು ಮಾತ್ರ ಚಿಕ್ಕಂದಿನಿಂದ ಕನ್ನಡವೇ.

ಪರೀಕ್ಷೆ ಯಾದಗಿರಿಯಲ್ಲಿ ನಡೆಯಿತು. ‘ನಿಮ್ಮ ಊರು’ ಎಂಬ ಪ್ರಬಂಧ ಬರೆಯಬೇಕಿತ್ತು. ಬೇರೆ ಪ್ರಾಂತದಿಂದ ಬಂದ ಅಧಿಕಾರಿಯೊಬ್ಬರು ಮೌಲ್ಯಮಾಪಕರು; ಎರಡನೆಯ ಸಹಿ ನನ್ನದು. ಕರೀಂ ಸಾಹೇಬರು ಬರೆದದ್ದು ಮೂರು ಪುಟ. ಅಧಿಕಾರಿ ಮೊದಲ ಪುಟದ ‘ಮನಿ’, ‘ಬಂದಾನ’, ‘ಹೋಗ್ಯಾಳ’ಗಳ ಕೆಳಗೆ ಕೆಂಪು ಗೆರೆ ಎಳೆದರು. ಉಳಿದ ಪುಟಗಳನ್ನು ತೆರೆಯಲೂ ಇಲ್ಲ. ಷರಾ ಬರೆದರು: ಅಶುದ್ಧ, ಅನುತ್ತೀರ್ಣ.

“ಇಲ್ಲಿ ಎಲ್ಲಾರೂ ಹಿಂಗ ಮಾತಾಡ್ತಾರ್ರಿ,” ಎಂದೆ.

“ಹಾಗಾದರೆ ಎಲ್ಲರೂ ತಿದ್ದಿಕೊಳ್ಳಲಿ,” ಎಂದರು ಅವರು. “ನಿಮ್ಮ ನೌಕರಿ ಇನ್ನೂ ಕಾಯಂ ಆಗಿಲ್ಲ, ಅಲ್ಲವೇ?”

ನಾನು ಸಹಿ ಹಾಕಿದೆ.

ತಿಂಗಳೊಳಗೆ ಕರೀಂ ಸಾಹೇಬರ ಕೆಲಸ ಹೋಯಿತು. ಅವರ ಮುಖ ನೋಡುವ ಧೈರ್ಯ ಬರಲು ನನಗೆ ಇನ್ನೊಂದು ತಿಂಗಳು ಬೇಕಾಯಿತು. ಬೋನಾಳಕ್ಕೆ ಹೋದಾಗ ಅಂಗಳದಲ್ಲಿ ಶೇಂಗಾ ಸುಲಿಯುತ್ತಿದ್ದರು. ಎದ್ದು ಕಂಬಳಿ ಹಾಸಿದರು.

“ಆ ಷರಾದ ಕೆಳಗ ನನ್ನ ಸಹಿನೂ ಐತ್ರಿ,” ಎಂದೆ.

“ಗೊತ್ತೈತಿ ಮಾಸ್ತರ. ನೌಕರಿ ಹೋದದ್ದು ಹೋತು. ನಮ್ಮವ್ವ ತೀರಿಕೊಂಡ ಮ್ಯಾಲ ಕುರಿ ಕಾಯೋರ ಮನಿ ನೀಲವ್ವ ನನಗ ಹಾಲು ಕುಡಿಸಿ ಬೆಳಸ್ಯಾಳ. ಈ ಮಾತು ಆಕೀದು. ಅದನ್ನೆಲ್ಲಾ ಕಡೀ ಪುಟದಾಗ ಬರದಿದ್ನಿ. ಯಾರಾರ ಓದ್ಯಾರೇನು?”

ನಾನೂ ಓದಿರಲಿಲ್ಲ. ಅಶುದ್ಧ ಎಂದು ನಾವು ಹೊಡೆದುಹಾಕಿದ್ದು ಒಬ್ಬ ತಾಯಿಯ ಮಾತನ್ನು.

“ಈಗ ಹೇಳ್ರಿ, ಬರಕೊಂತೀನಿ,” ಎಂದೆ. ಅವರು ಶೇಂಗಾ ಬದಿಗೆ ಸರಿಸಿ ಹೇಳತೊಡಗಿದರು. ಒಂದು ಅಕ್ಷರವನ್ನೂ ತಿದ್ದದೆ ಬರೆದುಕೊಂಡೆ. ಅದೇ ನನ್ನ ಮೊದಲ ಬರಹ.

ಅವರಿಗೆ ಕೆಲಸ ಮರಳಿ ಸಿಗಲಿಲ್ಲ. ಏಕೆ ಬರೆಯುತ್ತೀರಿ ಎಂದು ಯಾರಾದರೂ ಕೇಳಿದರೆ, ಸಿಟ್ಟಿನಿಂದ ಎನ್ನುತ್ತೇನೆ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ. ಕೊನೆಯ ಸಾಲಿನವರೆಗೆ ಓದದೆ ಯಾರ ಬರಹಕ್ಕೂ ಷರಾ ಹಾಕಬಾರದು ಎಂಬುದನ್ನು ಶಿಕ್ಷಕ ವೃತ್ತಿ ನನಗೆ ಕಲಿಸಿತು. ಬೆಲೆ ತೆತ್ತವರು ಕರೀಂ ಸಾಹೇಬರು.