ದ್ರಾಕ್ಷಾಯಿಣಿಯ ಒಂದೇ ದರ

ರಾಣೇಬೆನ್ನೂರಿನ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ದ್ರಾಕ್ಷಾಯಿಣಿಯ ಹತ್ತಿರ ಚೌಕಾಸಿ ನಡೆಯುವುದಿಲ್ಲ. ಮೊದಲ ಸಲ ಬಂದವರು "ಕಡೀ ರೇಟ್ ಹೇಳ್ರಿ" ಎನ್ನುತ್ತಾರೆ. "ಮೊದಲ ಹೇಳಿದ್ದ ಕಡೀದು" ಎಂದು ಆಕೆ ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುತ್ತಾಳೆ. ಕೆಲವರು ಮುಖ ಗಂಟು ಹಾಕಿಕೊಂಡು ಹೋಗಿ, ಪೇಟೆಯೆಲ್ಲ ಸುತ್ತಿ, ಸಂಜೆ ತಿರುಗಿ ಬರುತ್ತಾರೆ. ಅವರಿಗೂ ಬೆಳಗಿನ ದರವೇ. ಜೊತೆಗೊಂದು ಚಹಾ ಸಿಗುತ್ತದೆ, ಅಷ್ಟೇ.

ಈ ಗತ್ತು ಬಂದದ್ದು ಬ್ಯಾಡಗಿಯಲ್ಲಿ. ಕದರಮಂಡಲಗಿಯಿಂದ ದಿನಾ ಬಸ್ಸಿಗೆ ಹೋಗಿ ಒಂಬತ್ತು ವರ್ಷ ಗುಡದಪ್ಪ ಸಾವಕಾರರ ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತವಳು ಆಕೆ. ಅಲ್ಲಿನ ಧೂಳಿಗೆ ಕಂಪ್ಯೂಟರು ಆರು ತಿಂಗಳು ಬಾಳಿದರೆ ಹೆಚ್ಚು. ರಿಪೇರಿಗೆ ಬಂದವನು ಮುಚ್ಚಳ ತೆಗೆದ ಕೂಡಲೇ ಸೀನತೊಡಗುತ್ತಿದ್ದ, ಎರಡನೇ ಸಲ ಕರೆದರೆ ಫೋನೇ ಎತ್ತುತ್ತಿರಲಿಲ್ಲ. ಕೊನೆಗೆ ದ್ರಾಕ್ಷಾಯಿಣಿಯೇ ಮೂಗಿಗೆ ಓಢಣಿ ಬಿಗಿದುಕೊಂಡು ಬಿಚ್ಚುವುದನ್ನು ಕಲಿತಳು, ಬಿಚ್ಚಿದ್ದನ್ನು ಜೋಡಿಸುವುದನ್ನೂ ಕಲಿತಳು.

ದರ ಕಟ್ಟುವುದನ್ನು ಮಾತ್ರ ಸಾವಕಾರರ ಅಂಗಡಿಯಲ್ಲೇ ನೋಡಿ ಕಲಿತದ್ದು. ಖರೀದಿಗೆ ಬಂದವರು ಚೀಲದ ಬಾಯಲ್ಲಿ ಕಾಣುವ ಕೆಂಪಿಗೆ ಮರುಳಾಗದೆ, ತೋಳಿನವರೆಗೆ ಕೈ ಇಳಿಸಿ ತಳದ ಕಾಯಿ ಮೇಲೆತ್ತಿ ನೋಡುತ್ತಿದ್ದರು. ಆಮೇಲೆ ಚೀಟಿಯಲ್ಲಿ ಒಂದು ದರ ಬರೆದು ಮುಗಿಸುತ್ತಿದ್ದರು. ಬರೆದದ್ದನ್ನು ತಿದ್ದುವಂತಿಲ್ಲ. ಇನ್ನೊಬ್ಬರ ಚೀಟಿಗೆ ಕೈ ಹಚ್ಚುವುದಂತೂ ಇಲ್ಲವೇ ಇಲ್ಲ. ಸಹಾಯವೆಂದು ಬೇರೆಯವರ ಚೀಟಿ ತುಂಬಿದ ಗುಮಾಸ್ತನೊಬ್ಬನನ್ನು ಸಾವಕಾರರು ಅದೇ ದಿನ ಮನೆಗೆ ಕಳಿಸಿದ್ದನ್ನು ಆಕೆ ಕಣ್ಣಾರೆ ಕಂಡಿದ್ದಳು.

ಅಂಗಡಿ ಇಟ್ಟು ನಾಲ್ಕು ವರ್ಷವಾಯಿತು. ರಿಪೇರಿ ಕೆಲಸ ಬೇಕಾದಷ್ಟಿದೆ. ಆಕೆಯ ಜೀವ ಮಾತ್ರ ಕಪಾಟಿನ ಮೇಲಿದ್ದ ಒಂದು ಮಷೀನಿನ ಮೇಲಿತ್ತು. ಟಿವಿಯ ಪಕ್ಕ ಇಟ್ಟುಕೊಂಡು ದೊಡ್ಡ ದೊಡ್ಡ ಆಟ ಆಡುವ ಕಂಪ್ಯೂಟರು, ಊಟದ ಡಬ್ಬಿಗಿಂತ ಸ್ವಲ್ಪ ದೊಡ್ಡದು, ಸದ್ದಿಲ್ಲದ್ದು. ಅದರ ಸಾಗವಾನಿ ಹೊದಿಕೆಯನ್ನು ಬಡಗಿ ಮುಜಾಫರನಿಂದ ಮೂರು ಸಲ ಬಿಚ್ಚಿ ಕಟ್ಟಿಸಿದ್ದಳು. ನೋಡಿದವರೆಲ್ಲ ಹೊಗಳಿದರು, ಒಬ್ಬರೂ ಕೊಳ್ಳಲಿಲ್ಲ. ಟಿವಿಗೆ ಹಚ್ಚಲು ಆಟಕ್ಕೆಂದೇ ಮಾಡಿದ ಕನ್ಸೋಲ್ ಡಬ್ಬಿ ಸಿಗುವಾಗ ಕಂಪ್ಯೂಟರ್ ಯಾಕೆ ಎಂಬುದೇ ಎಲ್ಲರ ಮಾತು. ಒಂದೇ ಒಂದು ಮಷೀನು ನಾಲ್ಕು ಜನ ಬಂದುಹೋಗುವ ಮನೆಯ ಹಾಲಿನಲ್ಲಿ ಕೂತರೆ ಮುಂದಿನ ಗಿರಾಕಿಯನ್ನು ಅದೇ ಕರೆದು ತರುತ್ತದೆ ಎಂದು ದ್ರಾಕ್ಷಾಯಿಣಿ ಗಟ್ಟಿಯಾಗಿ ನಂಬಿದ್ದಳು. ಅನುಮಾನಪಡುವ ಹೆಂಗಸೇ ಅಲ್ಲ ಅವಳು.

ಅಂಥ ಮನೆಯಿಂದಲೇ ಫೋನು ಬಂತು. ಹಾವೇರಿಯ ಹಲ್ಲಿನ ಡಾಕ್ಟರ್ ಮೃಣಾಲಿನಿಗೆ ನಲವತ್ತು ತುಂಬುತ್ತಿತ್ತು. ಏನು ಬೇಕು ಎಂದು ಗಂಡ ಕೇಳಿದ್ದಕ್ಕೆ ಆಕೆ ಬಂಗಾರ ಬಿಟ್ಟು ಆಟದ ಮಷೀನು ಕೇಳಿದ್ದಳು. ಗಂಡ ಋಷಿಕೇಶ ಬ್ಯಾಂಕಿನ ಮ್ಯಾನೇಜರು. ಮೂರು ಕಡೆ ದರ ಕೇಳದೆ ಅವರು ಛತ್ರಿಯನ್ನೂ ಕೊಂಡವರಲ್ಲ.

"ಹುಬ್ಬಳ್ಳಿಯೊಳಗ ಕನ್ಸೋಲ್ ಐವತ್ತೈದು ಸಾವಿರ ಹೇಳ್ಯಾರ. ನಿಮ್ಮ ಕಂಪ್ಯೂಟರಿಂದು ಎಷ್ಟು?"

"ಹಾಲ್ ನೋಡಲಾರದ ರೇಟ್ ಹೇಳೂದಿಲ್ರಿ ಸರ್. ಐತವಾರ ಬರ್ತೇನಿ."

ಫೋನಿಟ್ಟ ಮೇಲೆ ಆಕೆಗೆ ನಗು ಬಂತು. ಮೃಣಾಲಿನಿ ಆಕೆಗೆ ಗೊತ್ತಿದ್ದವಳೇ. ಎರಡು ವರ್ಷದ ಹಿಂದೆ ಕ್ಲಿನಿಕ್ಕಿನ ಲ್ಯಾಪ್‌ಟಾಪು ರಿಪೇರಿಗೆ ಬಂದಾಗ, ಹಲ್ಲಿನ ಎಕ್ಸ್‌ರೇಗಳ ನಡುವೆ ಒಂದು ಉದ್ದನೆಯ ಆಟಗಳ ಪಟ್ಟಿ ಸಿಕ್ಕಿತ್ತು, ನೂರಕ್ಕೂ ಹೆಚ್ಚು. ಎಲ್ಲ ರೊಕ್ಕ ಕೊಟ್ಟು ಕೊಂಡವು. ಅರ್ಧಕ್ಕರ್ಧ ಆ ಹಳೆಯ ಲ್ಯಾಪ್‌ಟಾಪಿನಲ್ಲಿ ತೆರೆಯುವಂಥವೂ ಅಲ್ಲ. ಮೃಣಾಲಿನಿ ಕೆಂಪಗಾಗಿ, "ಇದು ನಿಮ್ಮ ಹೊಟ್ಟಿಯೊಳಗ ಇರ್ಲಿ ದ್ರಾಕ್ಷಾಯಿಣಿಯವರ. ಮನಿಯೊಳಗ ಯಾರಿಗೂ ಗೊತ್ತಿಲ್ಲ" ಎಂದಿದ್ದಳು.

ಭಾನುವಾರ ಹಾವೇರಿಗೆ ಹೋದಾಗ ಹಾಲಿನ ಸೋಫಾದ ನಟ್ಟನಡುವೆ ಮೃಣಾಲಿನಿಯ ಅತ್ತೆ ಗೋದೂಬಾಯಿ ಶೇಂಗಾ ಸುಲಿಯುತ್ತ ಕೂತಿದ್ದರು. ಟಿವಿಗೆ ನೇರ ಎದುರಿನ ಆ ಜಾಗ ಅವರದೆಂದು ಮನೆಯವರಿಗಷ್ಟೇ ಅಲ್ಲ, ಸೋಫಾಕ್ಕೂ ಗೊತ್ತಿತ್ತು; ಅಲ್ಲಷ್ಟೇ ತಗ್ಗು ಬಿದ್ದಿತ್ತು. ದ್ರಾಕ್ಷಾಯಿಣಿ ಟಿವಿಯ ಹಿಂದೆ ಕೈ ಇಳಿಸಿ ಗಾಳಿ ಆಡುತ್ತದೆಯೇ ಎಂದು ನೋಡಿದಳು. ಆಮೇಲೆ ಕೇಳಿದಳು.

"ಡಾಕ್ಟರ್ರ, ವರ್ಷಕ್ಕ ಎಷ್ಟು ಆಟ ಕೊಳ್ತೀರಿ?"

"ಎರಡಿರಬಹುದು" ಎಂದಳು ಮೃಣಾಲಿನಿ, ಕರ್ಟನ್ನು ನೋಡುತ್ತ.

"ದೊಡ್ಡವರಾದಮ್ಯಾಲೆ ಅದೆಲ್ಲಾ ಯಾಕ ಬೇಕವಾ" ಎಂದರು ಗೋದೂಬಾಯಿ, ಶೇಂಗಾದ ಮೇಲಿನ ಕಣ್ಣು ತೆಗೆಯದೆ.

ದ್ರಾಕ್ಷಾಯಿಣಿ ಚೀಟಿ ತೆಗೆದು ಬರೆದಳು. ತನ್ನ ಮಷೀನು ತೊಂಬತ್ತೆರಡು ಸಾವಿರ. ಐದು ವರ್ಷದ ಹತ್ತು ಆಟಕ್ಕೆ ಇಪ್ಪತ್ತು ಸಾವಿರ. ಕಂಪ್ಯೂಟರಿನ ಆಟಗಳು ಸೋವಿ. ಕನ್ಸೋಲ್ ಐವತ್ತೈದು, ಅದರ ಹತ್ತು ಆಟಕ್ಕೆ ನಲವತ್ತು. ಒಟ್ಟಿನಲ್ಲಿ ಕನ್ಸೋಲೇ ಹದಿನೇಳು ಸಾವಿರ ಸೋವಿ. ತನ್ನ ಕೈಯಾರೆ ತನ್ನ ಸೋಲು ಬರೆದುಕೊಂಡಳು, ಅಂಕಿಯನ್ನು ಸ್ವಲ್ಪವೂ ಆಚೀಚೆ ಮಾಡಲಿಲ್ಲ.

ಆದರೆ ಚೀಲದ ತಳದಲ್ಲಿ ಏನಿದೆ ಎಂದು ಆಕೆಗೆ ಗೊತ್ತಿತ್ತು. ಒಂದೇ ಮಾತು ಆಡಿದರೆ ಗೆಲುವು ತನ್ನದು. ನಾಲಿಗೆ ತುದಿಗೆ ಬಂದ ಆ ಮಾತನ್ನು ನುಂಗಿಕೊಳ್ಳುವುದು ಕಷ್ಟವಾಯಿತು, ಖರೇನೇ ಕಷ್ಟವಾಯಿತು. ಸಾವಕಾರರ ಗುಮಾಸ್ತ ನೆನಪಾದ. ಆಕೆ ಕೆಳಗೆ "ಮೊದಲೇ ಕೊಂಡಿಟ್ಟ ಆಟಗಳು" ಎಂದು ಬರೆದು, ಮುಂದಿನ ಜಾಗ ಖಾಲಿ ಬಿಟ್ಟು, ಚೀಟಿ ಮತ್ತು ಪೆನ್ನನ್ನು ಮೃಣಾಲಿನಿಯ ಮುಂದಿಟ್ಟಳು.

"ಮೊದಲ ಯಾವುದಾದ್ರೂ ಕಂಪ್ಯೂಟರಿಗೆ ಆಟ ಕೊಂಡಿದ್ರ ಅವು ಹೊಸಾದಕ್ಕ ಪುಕ್ಕಟ ಬರ್ತಾವ್ರಿ. ಕನ್ಸೋಲಿಗೆ ಅವನ್ನ ಮತ್ತ ಕೊಳ್ಳಬೇಕಾಗ್ತೈತಿ. ಇಲ್ಲಂದ್ರ ಸೊನ್ನಿ ಹಾಕ್ರಿ. ಸೊನ್ನಿ ಇದ್ರ ಕನ್ಸೋಲ್ ತಗೊಳ್ಳೂದ ಶಾಣ್ಯಾತನ."

ಮೃಣಾಲಿನಿ ಗಂಡನನ್ನು ನೋಡಿದಳು, ಅತ್ತೆಯನ್ನು ನೋಡಿದಳು, ಸೊನ್ನೆ ಬರೆದಳು.

ದ್ರಾಕ್ಷಾಯಿಣಿ ಚೀಟಿಯನ್ನು ಋಷಿಕೇಶರಿಗೆ ಕೊಟ್ಟು, ಬ್ಯಾಗು ಹೆಗಲಿಗೇರಿಸಿ ಬಾಗಿಲವರೆಗೆ ಬಂದು ಚಪ್ಪಲಿ ಮೆಟ್ಟಿದಳು.

"ತಡೀರಿ" ಎಂದಳು ಮೃಣಾಲಿನಿ. "ಅದು ತಪ್ಪು ಅದ. ಇನ್ನೊಂದು ಚೀಟಿ ಕೊಡ್ರಿ."

ಬ್ಯಾಡಗಿಯಲ್ಲಾಗಿದ್ದರೆ ಇದು ನಡೆಯುತ್ತಿರಲಿಲ್ಲ. ದ್ರಾಕ್ಷಾಯಿಣಿ ಜೀವನದಲ್ಲಿ ಮೊದಲ ಸಲ ಎರಡನೇ ಚೀಟಿ ಹರಿದುಕೊಟ್ಟಳು. ಮೃಣಾಲಿನಿ ಅದರಲ್ಲಿ ನೂರಾ ನಲವತ್ತೆರಡು ಎಂದು ಬರೆದು ಗಂಡನ ಕೈಗೇ ಕೊಟ್ಟಳು.

ಋಷಿಕೇಶ ಕನ್ನಡಕ ಸರಿಮಾಡಿಕೊಂಡರು. "ಯಾವಾಗಿಂದ?"

"ಹನ್ನೊಂದು ವರ್ಷ ಆತು. ಮಧ್ಯಾಹ್ನ ಕ್ಲಿನಿಕ್ ಮುಚ್ಚಿದಾಗ ಆಡ್ತಿದ್ದೆ. ಒಂದೊಂದಕ್ಕ ನೂರು, ಇನ್ನೂರು. ನನ್ನ ದುಡಿಮಿಯೊಳಗ ತಗೊಂಡಿದ್ದು." ಆಕೆ ಮಾತು ನಿಲ್ಲಿಸಲಿಲ್ಲ. "ನಗತೀರಂತ ಹೇಳಲಿಲ್ಲ."

ಯಾರೂ ನಗಲಿಲ್ಲ. ಋಷಿಕೇಶ ಲೆಕ್ಕದ ಮನುಷ್ಯ. ಆ ಆಟಗಳಲ್ಲಿ ಕಾಲುಭಾಗ ಮತ್ತೆ ಕೊಂಡರೂ ಕನ್ಸೋಲ್ ಎಷ್ಟಕ್ಕೆ ಬೀಳುತ್ತದೆಂದು ಚೀಟಿಯ ಹಿಂದೆ ಗುಣಿಸಿ ನೋಡಿದರು. ಬಹಳ ಹೊತ್ತು ಹಿಡಿಯಲಿಲ್ಲ.

"ಇವರದ ಸೋವಿ ಆತಲ್ಲ" ಎಂದರು. ಆಮೇಲೆ ಹೆಂಡತಿಗೆ, "ನನಗಾದ್ರೂ ಹೇಳಬೇಕಿತ್ತು ಮೃಣಾಲ್" ಎಂದರು.

ಮರುದಿನವೇ ದ್ರಾಕ್ಷಾಯಿಣಿ ಮಷೀನು ತಂದು ಹಚ್ಚಿದಳು. ಸಾಗವಾನಿ ಹೊದಿಕೆ ಆ ಹಾಲಿನಲ್ಲೇ ಹುಟ್ಟಿದಂತೆ ಹೊಂದಿಕೊಂಡಿತು. ಟಿವಿಯ ತುಂಬ ಆಟಗಳ ಚಿತ್ರಗಳು ಒಂದೊಂದಾಗಿ ಮೂಡಿದವು, ಹನ್ನೊಂದು ವರ್ಷದಲ್ಲಿ ಒಮ್ಮೆಯೂ ತೆರೆದು ನೋಡಲಾಗದವೂ ಅವುಗಳಲ್ಲಿದ್ದವು. ಮೃಣಾಲಿನಿ ಸೋಫಾದ ತುದಿಯಲ್ಲಿ ಕೂತು, ಆಡುವುದನ್ನು ಬಿಟ್ಟು ಸುಮ್ಮನೆ ಅವನ್ನೇ ನೋಡುತ್ತಿದ್ದಳು. ಕಣ್ಣು ಒದ್ದೆಯಾಗಿತ್ತು.

ಗೋದೂಬಾಯಿ ಶೇಂಗಾದ ಬುಟ್ಟಿ ಎತ್ತಿಕೊಂಡು ಪಕ್ಕಕ್ಕೆ ಸರಿದರು.

"ಆ ಮೂಲಿಯೊಳಗಿಂದ ಏನ್ ಕಾಣ್ತದ" ಎಂದರು. "ನಡುವ ಬಂದು ಕೂಡು."