ದೇವರ ಹಿಡಿ

ನಮ್ಮ ಯಜಮಾನರು ಉಪದೇಶಿ. ಅಂದರೆ ಪಾದ್ರಿಯಲ್ಲ, ಹಾಸನದಲ್ಲಿದ್ದ ಪಾದ್ರಿ ಅಯ್ಯನವರ ಕೈಕೆಳಗೆ ಊರೂರಿಗೆ ಹೋಗಿ ವೇದಪಾಠ ಹೇಳುವವರು. ನಮ್ಮ ಮನೆ ಹೊಳೆನರಸೀಪುರದಿಂದ ಹಳ್ಳಿಮೈಸೂರಿಗೆ ಹೋಗುವ ದಾರಿಯ ಒಂದು ಊರಿನಲ್ಲಿ. ಭಾನುವಾರ ಅಲ್ಲೇ ಸಭೆ. ಗುರುವಾರ ಅರಕಲಗೂಡಿನ ಕಡೆ, ತಿಂಗಳಿಗೊಮ್ಮೆ ಚನ್ನರಾಯಪಟ್ಟಣ. ಮೋಟಾರು ಸಿಕ್ಕರೆ ಮೋಟಾರು, ಇಲ್ಲದಿದ್ದರೆ ಕಾಲ್ನಡಿಗೆ. ಎಂಥ ಸೇವೆ ಅಂತ ಎಲ್ಲರೂ ಅವರನ್ನು ಹೊಗಳುತ್ತಿದ್ದರು. ಅವರ ಪಂಚೆ ಒಗೆದು, ಕಾಲಿಗೆ ಬಿಸಿನೀರು ಕಾಯಿಸಿ, ಬಂದವರಿಗೆಲ್ಲ ಮುದ್ದೆ ಕಟ್ಟಿ ಸುಸ್ತಾದವಳು ನಾನು. ನನ್ನ ಹೆಸರನ್ನು ಯಾರೂ ಪ್ರಾರ್ಥನೆಯಲ್ಲಿ ಎತ್ತಲಿಲ್ಲ.

ಸಭೆಗೆ ಸೇರಿದ್ದು ಹನ್ನೊಂದು ಮನೆ. ಹೊಲ ಇದ್ದವರು ಬೆಳೆದದ್ದರಲ್ಲಿ ಹತ್ತಕ್ಕೊಂದು ಪಾಲು ಕೊಡಬೇಕು, ಅದು ದಶಮಾಂಶ. ಆದರೆ ಹೊಲ ಇದ್ದದ್ದು ಎರಡೇ ಮನೆಗೆ. ಉಳಿದವರು ಕೂಲಿ ಮಾಡುವವರು, ಪಾಪ, ಏನು ಕೊಟ್ಟಾರು? ಅದಕ್ಕೇ ಒಂದು ಪದ್ಧತಿಯಿತ್ತು. ದಿನಾ ಒಲೆ ಹಚ್ಚುವ ಮೊದಲು ಮನೆಯ ಹೆಂಗಸು ರಾಗಿಹಿಟ್ಟಿನ ಮಡಕೆಯಿಂದ ಒಂದು ಹಿಡಿ ತೆಗೆದು ಬೇರೆ ಕುಡಿಕೆಗೆ ಹಾಕುವುದು, ಭಾನುವಾರ ಅದನ್ನು ಬಟ್ಟೆಯಲ್ಲಿ ಕಟ್ಟಿ ತಂದು ಉಪದೇಶಿಗೆ ಕೊಡುವುದು. ಅದಕ್ಕೆ ದೇವರ ಹಿಡಿ ಅನ್ನುತ್ತಿದ್ದರು. ನಾವು ತಿಂದದ್ದು ಅದನ್ನೇ. ಒಬ್ಬರ ಹಿಟ್ಟಿನಲ್ಲಿ ಕಲ್ಲು, ಇನ್ನೊಬ್ಬರದರಲ್ಲಿ ಹುಳು. ಜರಡಿ ಹಿಡಿದು ಹಿಡಿದು ನನ್ನ ರಟ್ಟೆ ಬಿದ್ದುಹೋಗುತ್ತಿತ್ತು. ತೆಗೆದುಕೊಳ್ಳುವ ಮನೆಯಾದ್ದರಿಂದ ನಾವು ಮಾತ್ರ ಹಿಡಿ ತೆಗೆದಿಡುತ್ತಿರಲಿಲ್ಲ.

ಐವತ್ತರ ದಶಕ ಮುಗಿಯುವ ಹೊತ್ತಿಗೆ ಅವರ ಕಣ್ಣು ಹೋಗತೊಡಗಿತು. ನರ ಒಣಗಿದೆ, ಆಪರೇಷನ್ ಮಾಡಿದರೂ ಉಪಯೋಗವಿಲ್ಲ ಎಂದರು ಹಾಸನದ ಡಾಕ್ಟರು. ಅಯ್ಯನವರಿಗೆ ಗೊತ್ತಾದರೆ ಕೆಲಸ ಹೋಗುತ್ತದೆ. ಕೆಲಸ ಹೋದರೆ ಸಭೆಯವರು ಕೊಟ್ಟ ಮನೆಯೂ ಇಲ್ಲ, ಹಿಟ್ಟೂ ಇಲ್ಲ. ಹಾಗಾಗಿ ಬೆಳಗ್ಗೆ ಎದ್ದು ನಾನು ಅಂದಿನ ಭಾಗವನ್ನು ಮೂರು ಸಲ ಓದುವುದು, ಅವರು ಬಾಯಿಪಾಠ ಮಾಡುವುದು, ಸಭೆಯಲ್ಲಿ ಪುಸ್ತಕ ತೆರೆದು ಹಿಡಿದು ಓದಿದ ಹಾಗೆ ಒಪ್ಪಿಸುವುದು. ಇವರಿಗೆ ಮಂಡಿನೋವು, ಒಬ್ಬರೇ ನಡೆಯಲಾರರು ಅಂತ ಊರಿಗೆಲ್ಲ ಸುಳ್ಳು ಹೇಳಿ ಕೈ ಹಿಡಿದು ಕರೆದುಕೊಂಡು ಹೋಗುತ್ತಿದ್ದವಳೂ ನಾನೇ. ಎರಡು ವರ್ಷ ಹೀಗೆ ನಡೆಸಿದೆ. ಒಲೆ ಮುಂದೆ ಕೂತರೆ ಕೂತಲ್ಲೇ ತೂಕಡಿಸುತ್ತಿದ್ದೆ.

ಯಾವ ಭಾನುವಾರ ಯಾವ ಭಾಗ ಓದಬೇಕು ಅಂತ ಅಯ್ಯನವರೇ ಪಟ್ಟಿ ಕಳಿಸುತ್ತಿದ್ದರು. ಸ್ವತಃ ಅವರೇ ನಮ್ಮೂರಿಗೆ ಬರಬೇಕಾಗಿದ್ದ ಭಾನುವಾರಕ್ಕೆ ಬಿದ್ದದ್ದು ಹಿಂದಿನ ಕಾಲದ ಯಾಜಕರ ಅಧ್ಯಾಯ. ಯಜ್ಞವೇದಿಯ ಹತ್ತಿರ ಹೋಗಿ ಸೇವೆ ಮಾಡುವವನು ಹೇಗಿರಬೇಕು ಎಂಬ ವಿಷಯ. ಬೆಳಗ್ಗೆ ಓದುತ್ತಾ ಓದುತ್ತಾ ಆ ಸಾಲಿಗೆ ಬಂದೆ. ಕುರುಡನಾದ ಯಾಜಕ ಹತ್ತಿರ ಬರಕೂಡದಂತೆ. ಅಯ್ಯೋ ದೇವರೇ, ನಾಲಿಗೆ ಏಳಲಿಲ್ಲ. ಆ ಸಾಲನ್ನು ನುಂಗಿ ಮುಂದಕ್ಕೆ ಓದಿದೆ. ಮೂರು ಸಲವೂ ನುಂಗಿದೆ. ಅವರು ಏನೂ ಅನ್ನಲಿಲ್ಲ. ಪಾಪ ಅಂದರೆ ಪಾಪವೇ, ಆದರೆ ಹೊಟ್ಟೆಪಾಡು ಅಂತಲೂ ಒಂದಿದೆಯಲ್ಲ!

ಸಭೆಯಲ್ಲಿ ಅಯ್ಯನವರು ಹಿಂದಿನ ಬೆಂಚಿನ ಮೇಲೆ ಕೂತರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ನಾನು ಮತ್ತೆ ಮತ್ತೆ ತಿರುಗಿ ಅವರ ಮುಖವನ್ನೇ ನೋಡುತ್ತಿದ್ದೆ. ನಮ್ಮ ಯಜಮಾನರು ಒಪ್ಪಿಸುತ್ತಾ ಬಂದರು. ಆ ಜಾಗ ಬಂದಾಗ ಸ್ವಲ್ಪ ನಿಂತರು. ಆಮೇಲೆ ನಾನು ಓದದೆ ಬಿಟ್ಟ ಆ ಸಾಲನ್ನು ಒಂದಕ್ಷರ ತಪ್ಪದೆ ಹೇಳಿದರು. ಕಣ್ಣಿದ್ದ ಕಾಲದಲ್ಲೇ ಅವರಿಗದು ಬಾಯಿಗೆ ಬರುತ್ತಿತ್ತು. ನನಗೆ ಹೊಳೆದೇ ಇರಲಿಲ್ಲ. ಪುಸ್ತಕ ಮುಚ್ಚಿದರು.

"ಅಯ್ಯನವರೇ, ನಂಗೆ ಕಣ್ಣು ಕಾಣಕಿಲ್ಲ. ಎರಡು ವರ್ಸ ಆಯ್ತು. ಓದಿ ಹೇಳ್ಕೊಡೋಳು ಇವಳು" ಎಂದು ನೆಲದ ಮೇಲೆ ಕೂತುಬಿಟ್ಟರು.

ನನ್ನ ಮೈಯೆಲ್ಲ ಉರಿದುಹೋಯಿತು. ಇಷ್ಟು ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಒಂದು ಗಳಿಗೆಯಲ್ಲಿ ಬಯಲಿಗೆಳೆದ ಪುಣ್ಯಾತ್ಮ! ಆಗ, ಯಾವಾಗಲೂ ಕಲ್ಲು ಬೆರೆತ ಹಿಟ್ಟು ತರುತ್ತಿದ್ದ ಮುದುಕಿ ಎದ್ದು ನಿಂತಳು.

"ಅಷ್ಟೇಯಾ ಸಾ ಬರ್ದಿರಾದು? ಮುಂದ್ಕೆ ಏನೂ ಇಲ್ವಾ?"

ಅಯ್ಯನವರು ಮುಂದೆ ಬಂದು ಪುಸ್ತಕ ತೆಗೆದು ನೋಡಿದರು. ಇದೆ ಎಂದರು. ಅಂಥವನು ಯಜ್ಞವೇದಿಯ ಹತ್ತಿರ ಹೋಗಬಾರದು, ಆದರೆ ದೇವರ ಆಹಾರವನ್ನು ತಿನ್ನಬಹುದು.

"ಅಂಗಾರೆ ಸರಿ ಬುಡಿ. ನಮ್ಮ ಇಡಿ ನಿಲ್ಲಾಕಿಲ್ಲ ಕಣವ್ವ" ಎಂದು ನನ್ನ ಕಡೆ ತಿರುಗಿ ಹೇಳಿ ಮುದುಕಿ ಕೂತಳು.

ಅಯ್ಯನವರೂ ನನ್ನನ್ನೇ ನೋಡಿದರು. "ಇನ್ನು ಮೇಲೆ ಸಭೇಲಿ ನೀವೇ ಓದಿ, ಅಮ್ಮ. ಈಗಿರೋ ಮನೇಲೇ ಇರಿ" ಎಂದರು. ಮನೆ ಉಳಿಯಿತು ಅಂತ ಸಂತೋಷಪಡಬೇಕೋ, ನನಗೆ ಬಿಡುಗಡೆಯೇ ಇಲ್ಲ ಅಂತ ಅಳಬೇಕೋ ತಿಳಿಯಲಿಲ್ಲ.

ಮನೆಗೆ ಬಂದು ರೇಗಿದೆ. "ನಾನು ಬಿಟ್ಟಿದ್ದು ಗೊತ್ತಾಗಿದ್ರೆ ಬೆಳಗ್ಗೇನೇ ಬಾಯಿ ಬಿಡಬಾರದಾಗಿತ್ತಾ?"

"ಹೇಳಿದ್ರೆ ನೀನು ಅತ್ತುಬುಡ್ತಿದ್ದೆ. ಆಮ್ಯಾಕೆ ನಂಗೆ ಧೈರ್ಯ ಬತ್ತಿರಲಿಲ್ಲ" ಅಂದರು.

ಮರುದಿನ ಒಲೆ ಹಚ್ಚುವಾಗ ಗೋಡೆ ತಡವುತ್ತಾ ಅಡುಗೆಮನೆಗೆ ಬಂದರು. ಮಡಕೆಗೆ ಕೈ ಹಾಕಿ ಒಂದು ಹಿಡಿ ಹಿಟ್ಟು ತೆಗೆದು, "ಒಂದು ಕುಡಿಕೆ ಕೊಡು" ಅಂದರು.

"ಇದೇನ್ರೀ, ಇರೋದೇ ಇಷ್ಟು!"

"ನಾನೀಗ ಉಪದೇಸಿ ಅಲ್ಲ ಕಣೇ, ಸಭೆಯೋನು. ಎಲ್ಲರಂಗೆ ಕೊಡಬೇಕಲ್ಲ."

ಯಾರಿಗೆ ಅಂತ ನಾನು ಕೇಳಲೂ ಇಲ್ಲ. ಅಷ್ಟು ಸಾಕಾಗಿತ್ತು ನನಗೆ.

ಭಾನುವಾರ ಸಭೆಯಲ್ಲಿ ನಾನೇ ಓದಿ ಮುಗಿಸಿದೆ. ಹೆಂಗಸರು ಒಬ್ಬೊಬ್ಬರಾಗಿ ಬಂದು ಗಂಟು ಬಿಚ್ಚಿ ನನ್ನ ಮೊರಕ್ಕೆ ಸುರಿದರು. ಎಲ್ಲರಿಗಿಂತ ಕೊನೆಗೆ ಕೋಲು ಊರಿಕೊಂಡು ನಮ್ಮ ಯಜಮಾನರು ಬಂದರು. ಟವಲ್ಲಿನ ಗಂಟು ಬಿಚ್ಚಿ, ಮೊರದ ಅಂಚು ತಡವಿ ನೋಡಿ, ಆರು ದಿನದ ಆರು ಹಿಡಿಯನ್ನು ಸುರಿದರು. "ದೇವರ ಸೇವೆ ಮಾಡೋರಿಗೆ" ಎಂದು ತಲೆ ಬಗ್ಗಿಸಿದರು.

ನಾನೇ ಜರಡಿ ಹಿಡಿದ ಹಿಟ್ಟು. ಮನೆಗೆ ಹೋದರೆ ಅದೇ ಮಡಕೆಗೆ ಮತ್ತೆ ಸುರಿಯಬೇಕು. ನಗು ಬರಬೇಕಾಗಿತ್ತು. ಆದರೆ ಅಷ್ಟು ವರ್ಷ ನಾನು ಮಾಡಿದ್ದನ್ನು ಸೇವೆ ಅಂತ ಒಬ್ಬರು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಮೊರ ಹಿಡಿದುಕೊಂಡೇ ಅತ್ತುಬಿಟ್ಟೆ.